ಮುಚ್ಚದ ಗೋಡೆ, ಅಂಟಿಕೊಂಡ ಮೇಜು

ಮನೆ ವಿನ್ಯಾಸದ ತಂತ್ರಾಂಶಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಗೆ ಗೋಡೆ, ಬಾಗಿಲು, ಮೆಟ್ಟಿಲು ಅಂದರೆ ಏನೆಂದು ಗೊತ್ತು. ಎಮ್ಮಾನ್ಯುಯೆಲ್ ಪ್ಯುಯ್‌ಬಾರೆ ರೂಪಿಸಿದ, ಉಚಿತವಾಗಿ ಸಿಗುವ ಸ್ವೀಟ್ ಹೋಮ್ ತ್ರೀಡಿ ಈ ಜಾತಿಯದು. ಗೋಡೆಯ ಮೇಲೆ ಬಾಗಿಲನ್ನು ತಂದಿಟ್ಟರೆ ಅಷ್ಟು ಜಾಗ ತಾನೇ ತೆರೆದುಕೊಳ್ಳುತ್ತದೆ. ಎರಡನೆಯ ಬಗೆಗೆ ಗೊತ್ತಿರುವುದು ಗೆರೆ ಮತ್ತು ಮೇಲ್ಮೈ ಮಾತ್ರ. 2000ದಲ್ಲಿ ಅಮೆರಿಕದ ಕೊಲೊರಾಡೊದಿಂದ ಹೊರಬಂದು, 2006ರಲ್ಲಿ ಗೂಗಲ್‌ನ ಕೈಸೇರಿ, 2012ರಲ್ಲಿ ಟ್ರಿಂಬಲ್ ಕಂಪನಿಗೆ ಹೋದ ಸ್ಕೆಚ್‌ಅಪ್ ಇಂಥದು. ಅದರ ಲೆಕ್ಕಕ್ಕೆ ಗೋಡೆಯೂ ಅಷ್ಟೇ, ಮೇಜೂ ಅಷ್ಟೇ. ಮಾದರಿ ಕೈಕೊಟ್ಟಾಗ ತಪ್ಪನ್ನು ಎಲ್ಲಿ ಹುಡುಕಬೇಕು ಎಂಬುದು ಈ ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ. ಮೊದಲ ಬಗೆಯಲ್ಲಿ ತಪ್ಪು ಸಾಮಾನ್ಯವಾಗಿ ಅಳತೆಯಲ್ಲೋ ಗೋಡೆಗಳು ಕೂಡುವ ಮೂಲೆಯಲ್ಲೋ ಇರುತ್ತದೆ, ಎರಡನೆಯದರಲ್ಲಿ ರೇಖಾಗಣಿತದಲ್ಲಿ.

ಅಳತೆಯ ತಪ್ಪು ಮೊದಲ ಹೆಜ್ಜೆಯಲ್ಲೇ ನುಸುಳುತ್ತದೆ. ಇಂಜಿನಿಯರು ಕೊಟ್ಟ ಪ್ಲ್ಯಾನಿನ ಫೋಟೋವನ್ನು ಹಿನ್ನೆಲೆಗೆ ಹಾಕಿಕೊಂಡು ಅದರ ಮೇಲೆ ಗೋಡೆ ಎಳೆಯುವುದು ರೂಢಿ. ಅದಕ್ಕೂ ಮುಂಚೆ ಚಿತ್ರದ ಒಂದು ಗೆರೆಯ ನಿಜವಾದ ಉದ್ದವನ್ನು ತಂತ್ರಾಂಶಕ್ಕೆ ತಿಳಿಸಬೇಕು. ಹಲವರು 3 ಅಡಿಯ ಬಾಗಿಲನ್ನೇ ಆರಿಸಿಕೊಳ್ಳುತ್ತಾರೆ. ಅಲ್ಲಿ ಗುರುತು ಒಂದು ಇಂಚು ಆಚೀಚೆಯಾದರೆ ಸಾಕು, 40 ಅಡಿಯ ಸೈಟಿನ ಉದ್ದಕ್ಕೆ ಅದು 13 ಇಂಚಾಗಿ ಬೆಳೆದಿರುತ್ತದೆ. ಅದೇ 40 ಅಡಿಯ ಗೆರೆಯನ್ನೇ ಆಧಾರವಾಗಿ ಹಿಡಿದರೆ ಒಂದಿಂಚಿನ ತಪ್ಪು ಒಂದಿಂಚಾಗಿಯೇ ಉಳಿಯುತ್ತದೆ. ಪ್ಲ್ಯಾನಿನಲ್ಲಿ ಸಿಗುವ ಅತಿ ಉದ್ದದ ಅಳತೆಯನ್ನೇ ಹಿಡಿಯಬೇಕು. ಫೋಟೋವನ್ನು ಓರೆಯಾಗಿ ತೆಗೆದಿದ್ದರಂತೂ ಯಾವ ಗೆರೆ ಹಿಡಿದರೂ ಪ್ರಯೋಜನವಿಲ್ಲ, ಹಾಳೆಯನ್ನು ಸ್ಕ್ಯಾನ್ ಮಾಡಿಸುವುದೇ ದಾರಿ.

ಮುಂದಿನ ತೊಡಕು ಗೋಡೆಯ ದಪ್ಪದ್ದು. ಸ್ವೀಟ್ ಹೋಮ್ ತ್ರೀಡಿಯಲ್ಲಿ ಎಳೆಯುವ ಗೆರೆ ಗೋಡೆಯ ನಡುಗೆರೆ. ಹೀಗಾಗಿ ಒಂಬತ್ತಿಂಚಿನ ಗೋಡೆ ಇಟ್ಟು 10 ಅಡಿಯ ಕೋಣೆ ಎಂದು ಎಳೆದರೆ ಒಳಗೆ ಸಿಗುವುದು 9 ಅಡಿ 3 ಇಂಚು. ಗೋಡೆಗೆ ಒತ್ತಿ ಕೂರಬೇಕಾದ ಮಂಚ, ಬೀರುಗಳ ಲೆಕ್ಕ ತಪ್ಪುವುದು ಇಲ್ಲೇ. ಅದರ ಮೇಲೆ, ತಂತ್ರಾಂಶ ತಾನಾಗಿ ಕೊಡುವ ಗೋಡೆ ಸಾಮಾನ್ಯವಾಗಿ ನಮ್ಮ ಇಟ್ಟಿಗೆ ಗೋಡೆಗಿಂತ ತೀರ ತೆಳು. ಮೊದಲ ಗೆರೆ ಎಳೆಯುವ ಮುಂಚೆಯೇ ಹೊರಗೋಡೆಗೆ 9, ಒಳಗೋಡೆಗೆ ನಾಲ್ಕೂವರೆ ಇಂಚು ಎಂದು ನಮೂದಿಸಿದರೆ ಆಮೇಲೆ ಒಂದೊಂದನ್ನೇ ತಿದ್ದುವ ಕಷ್ಟವಿರುವುದಿಲ್ಲ. ಕೋಣೆಯ ಒಳಗೆ ಎರಡು ಸಲ ಕ್ಲಿಕ್ ಮಾಡಿದರೂ ನೆಲ ಮೂಡುತ್ತಿಲ್ಲವೆಂದರೆ ಎಲ್ಲೋ ಒಂದು ಮೂಲೆಯಲ್ಲಿ ಗೋಡೆಗಳು ಕೂಡಿಲ್ಲ ಎಂದರ್ಥ. ಮೂಲೆಗಳನ್ನು ಹಿಗ್ಗಿಸಿ ನೋಡಿದರೆ ಕೂದಲೆಳೆಯಷ್ಟು ಸಂದು ಕಣ್ಣಿಗೆ ಬೀಳುತ್ತದೆ.

ಸ್ಕೆಚ್‌ಅಪ್‌ನಲ್ಲಿ ಇದೇ ಸಂದು ಬೇರೆ ವೇಷ ಹಾಕುತ್ತದೆ. ನಾಲ್ಕು ಗೆರೆ ಎಳೆದು ಮುಗಿಸಿದರೂ ನಡುವೆ ಮೇಲ್ಮೈ ತುಂಬಿಕೊಳ್ಳುವುದಿಲ್ಲ. ಕಾರಣ ಎರಡರಲ್ಲಿ ಒಂದು: ಗೆರೆಗಳ ತುದಿ ಸೇರಿಲ್ಲ, ಇಲ್ಲವೇ ನಾಲ್ಕೂ ಒಂದೇ ಸಮತಲದಲ್ಲಿಲ್ಲ. ಎರಡನೆಯದು ಹೆಚ್ಚು ಮೋಸದ್ದು, ಏಕೆಂದರೆ ಮೇಲಿನಿಂದ ನೋಡಿದಾಗ ಚೌಕ ಸರಿಯಾಗಿಯೇ ಕಾಣುತ್ತದೆ. ಒಂದು ಮೂಲೆ ಕಾಲಿಂಚು ಮೇಲೆದ್ದಿರುವುದು ಗೊತ್ತಾಗಬೇಕಾದರೆ ನೋಟವನ್ನು ಪಕ್ಕಕ್ಕೆ ತಿರುಗಿಸಬೇಕು. ಅಡ್ಡಲಾಗಿ ಒಂದು ಕರ್ಣ ಎಳೆದಾಗ ಎರಡು ತ್ರಿಕೋನಗಳು ತುಂಬಿಕೊಂಡರೆ ಶಂಕೆ ನಿಜವಾಯಿತು. ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲಿರುತ್ತವೆ, ನಾಲ್ಕನೆಯದೇ ಹಾದಿ ತಪ್ಪಿರುತ್ತದೆ. ಗೆರೆ ಎಳೆಯುವಾಗ ಅದು ಕೆಂಪು, ಹಸಿರು, ನೀಲಿ ಅಕ್ಷಗಳಲ್ಲಿ ಯಾವುದರ ಬಣ್ಣಕ್ಕೆ ತಿರುಗುತ್ತಿದೆ ಎಂದು ಗಮನಿಸುವ ಅಭ್ಯಾಸವಿದ್ದರೆ ಈ ತಪ್ಪು ಹುಟ್ಟುವುದೇ ಇಲ್ಲ.

ಹೊಸಬರನ್ನು ಕಂಗೆಡಿಸುವ ಇನ್ನೊಂದು ಗುಣ ಅಂಟುವುದು. ನೆಲದ ಮೇಲೆ ಮೇಜನ್ನು ಬಿಡಿಗೆರೆಗಳಲ್ಲೇ ಎಳೆದು, ಆಮೇಲೆ ಸರಿಸಲು ಹೋದರೆ ನೆಲವೂ ಎಳೆದುಕೊಂಡು ಬರುತ್ತದೆ. ಒಂದನ್ನೊಂದು ಮುಟ್ಟಿದ ಗೆರೆಗಳು ಸ್ಕೆಚ್‌ಅಪ್‌ನಲ್ಲಿ ಒಂದಾಗಿಬಿಡುತ್ತವೆ. ಪ್ರತಿ ವಸ್ತು ಮುಗಿದ ಕೂಡಲೇ ಅದನ್ನು ಗ್ರೂಪ್ ಮಾಡಿ ಬೇರ್ಪಡಿಸಬೇಕು. ಆರು ಕಿಟಕಿ ಒಂದೇ ತೆರನಾದವಾದರೆ ಕಾಂಪೊನೆಂಟ್ ಮಾಡುವುದು ಮೇಲು: ಒಂದರ ಚೌಕಟ್ಟು ತಿದ್ದಿದರೆ ಆರೂ ತಿದ್ದಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಗ್ರೂಪ್ ಮಾಡೋಣ ಎಂದು ಮುಂದೂಡಿದವರು ಕೊನೆಗೆ ಇಡೀ ಮನೆಯನ್ನು ಮತ್ತೆ ಎಳೆಯಬೇಕಾಗುತ್ತದೆ.

ಮೆಟ್ಟಿಲು ತಪ್ಪುವುದು ಗಣಿತದಿಂದ. ಕೋಣೆಯ ಎತ್ತರ 10 ಅಡಿ ಎಂದು ಮೆಟ್ಟಿಲನ್ನೂ 10 ಅಡಿಗೇ ನಿಲ್ಲಿಸಿದರೆ ಅದು ಮೇಲಿನ ನೆಲಕ್ಕೆ ಮುಟ್ಟುವುದಿಲ್ಲ. ಸ್ಲ್ಯಾಬಿನ 5 ಇಂಚನ್ನೂ ಸೇರಿಸಿದರೆ ಏರಬೇಕಾದ್ದು 125 ಇಂಚು, 20 ಮೆಟ್ಟಿಲಿಗೆ ತಲಾ ಆರೂಕಾಲು. ಕೊನೆಯ ಹೆಜ್ಜೆ ಮೇಲಿನ ನೆಲವೇ ಆದ್ದರಿಂದ ತುಳಿ ಒಂದು ಕಡಿಮೆ. ಒಂದೊಂದು ತುಳಿಗೆ 10 ಇಂಚು ಕೊಟ್ಟರೆ ನೇರ ಮೆಟ್ಟಿಲಿಗೆ 15 ಅಡಿ 10 ಇಂಚು ಉದ್ದ ಬೇಕು. 30×40ರ ಮನೆಗಳಲ್ಲಿ ಮೆಟ್ಟಿಲು ನಡುವೆ ತಿರುಗಿ ಬರುವುದಕ್ಕೆ ಇದೇ ಕಾರಣ, ಪರದೆಯ ಮೇಲೂ ಹಾಗೆಯೇ ತಿರುಗಿಸಬೇಕು.

ಮಾಡಿನ ವಿಷಯಕ್ಕೆ ಹೆಚ್ಚು ತಾಳ್ಮೆ ಬೇಕು. ಚೀಫ್ ಆರ್ಕಿಟೆಕ್ಟ್‌ನಂಥ ಅಮೆರಿಕದ ತಂತ್ರಾಂಶಗಳು ಗೋಡೆಗಳನ್ನು ನೋಡಿ ಇಳಿಜಾರಿನ ಮಾಡನ್ನು ತಾವೇ ಹೊದಿಸಬಲ್ಲವು. ತಾರಸಿ ಮನೆಗೆ ಆ ಸೌಲಭ್ಯವನ್ನು ನಿಲ್ಲಿಸಿ, ಸ್ಲ್ಯಾಬು ಹಾಕಿ, ಸುತ್ತ ಗಿಡ್ಡ ಗೋಡೆ ಎಬ್ಬಿಸಿದರೆ ಪ್ಯಾರಪೆಟ್ ಆಯಿತು. ತೊಟ್ಟಿಮನೆಯ ಹೆಂಚಿನ ಮಾಡು ಅಷ್ಟು ಸುಲಭವಲ್ಲ. ಅಲ್ಲಿ ನಾಲ್ಕು ಮಾಡುಗಳು ಒಳಗಿನ ಅಂಗಳದ ಕಡೆಗೂ ಇಳಿಯುತ್ತವೆ, ಅವು ಕೂಡುವಲ್ಲಿ ನೀರು ಹರಿದುಬರುವ ಓರೆಗೆರೆ ಮೂಡುತ್ತದೆ. ಗೋಡೆಗಳು ಲಂಬಕೋನದಲ್ಲಿದ್ದು, ಸೂರಿನ ಎತ್ತರವೂ ಇಳಿಜಾರೂ ಎಲ್ಲ ಕಡೆ ಒಂದೇ ಆಗಿದ್ದರೆ ಆ ಗೆರೆ ಪ್ಲ್ಯಾನಿನಲ್ಲಿ ಸರಿಯಾಗಿ 45 ಡಿಗ್ರಿಯಲ್ಲಿ ಬೀಳುತ್ತದೆ. ಒಂದು ಕಡೆಯ ಇಳಿಜಾರು ಬದಲಾದರೂ ಕೋನ ಬದಲಾಗುತ್ತದೆ. ಅಂದಾಜಿನಲ್ಲಿ ಎಳೆದ ಗೆರೆ ಮಾಡಿನಲ್ಲಿ ಬಿರುಕಾಗಿ ಕಾಣುತ್ತದೆ. ಎರಡೂ ಮಾಡುಗಳನ್ನು ಒಂದನ್ನೊಂದು ದಾಟುವಷ್ಟು ಉದ್ದ ಬೆಳೆಸಿ, ಅವು ಛೇದಿಸುವ ಗೆರೆಯನ್ನು ಸ್ಕೆಚ್‌ಅಪ್‌ನ ಇಂಟರ್‌ಸೆಕ್ಟ್ ಫೇಸಸ್ ಆಜ್ಞೆಯಿಂದ ಪಡೆದು, ಹೆಚ್ಚುಳಿದ ಭಾಗವನ್ನು ಅಳಿಸುವುದು ನಂಬಬಹುದಾದ ಕ್ರಮ. ಸ್ವೀಟ್ ಹೋಮ್ ತ್ರೀಡಿಯಲ್ಲಿ ಗೋಡೆಯ ಎರಡು ತುದಿಗೆ ಬೇರೆ ಬೇರೆ ಎತ್ತರ ಕೊಟ್ಟು ಓರೆ ತಲೆಯ ಗೋಡೆ ಮಾಡಬಹುದು. ಆದರೆ ಮಾಡಿನ ಹೊದಿಕೆಯನ್ನು ಬೇರೆಡೆ ರಚಿಸಿ ತರುವುದೇ ಅನುಕೂಲ.

ಉಳಿದವು ಸ್ಕೆಚ್‌ಅಪ್‌ನಲ್ಲಿ ಕಣ್ಣಿಗೆ ಕಾಣುವ ಕಿರುಕುಳಗಳು. ನೆಲ ಮಿಣುಕುತ್ತಿದ್ದರೆ ಟೈಲ್ಸ್ ಮತ್ತು ಸ್ಲ್ಯಾಬಿನ ಮೇಲ್ಮೈಗಳು ಒಂದೇ ಮಟ್ಟದಲ್ಲಿವೆ, ಒಂದನ್ನು ತುಸು ಎತ್ತಬೇಕು. ಗೋಡೆ ನೀಲಿಬೂದಿಯಾಗಿ ಕಂಡರೆ ಅದರ ಬೆನ್ನು ಹೊರಗಿದೆ, ತಿರುಗಿಸಿದರೆ ಸರಿ. ಹತ್ತಿರ ಹೋದಾಗ ಮಾದರಿ ಕತ್ತರಿಸಿದಂತೆ ಮಾಯವಾದರೆ, ಬಹಳ ಸಲ ಅದು ಅಕ್ಷಗಳ ಮೂಲಬಿಂದುವಿನಿಂದ ಬಲು ದೂರ ಕುಳಿತಿರುತ್ತದೆ, ಹತ್ತಿರಕ್ಕೆ ಸರಿಸಬೇಕು. ನಲ್ಲಿಯಂಥ ಸಣ್ಣ ವಸ್ತುವಿನ ಬಾಗುಗಳಲ್ಲಿ ತೂತು ಬೀಳುವುದು ಗೆರೆಗಳು ಅತಿ ಚಿಕ್ಕದಾದಾಗ. ಅದನ್ನು 100 ಪಟ್ಟು ದೊಡ್ಡದಾಗಿ ರಚಿಸಿ ಆಮೇಲೆ ಕುಗ್ಗಿಸಿದರೆ ಮೇಲ್ಮೈ ಉಳಿಯುತ್ತದೆ. ಇಡೀ ಕಡತವೇ ಕುಂಟತೊಡಗಿದರೆ ಸಿದ್ಧ ಮಾದರಿಗಳ ಭಂಡಾರವಾದ ತ್ರೀಡಿ ವೇರ್‌ಹೌಸ್‌ನಿಂದ ಇಳಿಸಿಕೊಂಡ ಸೋಫಾ, ಗಿಡಗಳನ್ನು ಪರೀಕ್ಷಿಸಬೇಕು. ಒಂದು ಗಿಡದಲ್ಲೇ ಇಡೀ ಮನೆಗಿಂತ ಹೆಚ್ಚು ಮೇಲ್ಮೈಗಳಿರಬಹುದು. ಅಳಿಸಿದ ವಸ್ತುಗಳೂ ಕಡತದ ಒಳಗೆ ಉಳಿದಿರುತ್ತವೆ, ಪರ್ಜ್ ಆಜ್ಞೆ ಕೊಟ್ಟ ಮೇಲಷ್ಟೇ ಅವು ನಿಜವಾಗಿ ಹೋಗುತ್ತವೆ.