ಹೊಗೆಯಿಲ್ಲದ ಒಲೆಯ ಲೆಕ್ಕ

ಕಲ್ಲಿದ್ದಲು ಉರಿಯುವಾಗ ಅದರ ಇಂಗಾಲವು ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಯುರೇನಿಯಂ ‘ಉರಿಯುತ್ತದೆ’ ಎಂಬುದಾದರೋ ವಾಡಿಕೆಯ ಮಾತು. ಅಲ್ಲಿ ಪರಮಾಣುವಿನ ಬೀಜವೇ ಒಡೆದು ಶಾಖವು ಹೊಮ್ಮುತ್ತದೆ, ಆಮ್ಲಜನಕಕ್ಕೆ ಕೆಲಸವಿಲ್ಲ. ಹಾಗೆಂದು ಪರಮಾಣು ವಿದ್ಯುತ್ತು ಇಂಗಾಲದಿಂದ ಪೂರ್ಣ ಮುಕ್ತವೇ? ಅಲ್ಲ. ಅದಿರನ್ನು ಅಗೆಯಬೇಕು, ಉಕ್ಕು ಸಿಮೆಂಟುಗಳಿಂದ ಸ್ಥಾವರವನ್ನು ಕಟ್ಟಬೇಕು. ಇವೆಲ್ಲವನ್ನೂ ಕೂಡಿಸಿ, ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2014ರ ವರದಿಯು ಯೂನಿಟ್ಟಿಗೆ ಸುಮಾರು 12 ಗ್ರಾಂ ಎಂದಿದೆ, ಕಲ್ಲಿದ್ದಲಿಗೆ 820.

ಕಾಳೀ ನದಿಯ ದಡದ ನಮ್ಮ ಕೈಗಾವನ್ನೇ ನೋಡೋಣ. ಅಲ್ಲಿಯ 220 ಮೆಗಾವಾಟ್‌ನ ಮೊದಲನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಸುಮಾರು 500 ಕೋಟಿ ಯೂನಿಟ್ಟುಗಳನ್ನಿತ್ತಿತು. ಅಷ್ಟನ್ನೂ ಕಲ್ಲಿದ್ದಲಿನಿಂದ ಪಡೆದಿದ್ದರೆ 40 ಲಕ್ಷ ಟನ್ನಿಗೂ ಮೀರಿದ ಅನಿಲವು ಆಕಾಶಕ್ಕೇರುತ್ತಿತ್ತು.

ಆದರೆ ಇದೇ ಘಟಕದ ನಿರ್ಮಾಣವು 1989ರಲ್ಲಿ ತೊಡಗಿ, ಕಟ್ಟುತ್ತಿದ್ದ ಒಳಗುಮ್ಮಟದ ಕಾಂಕ್ರೀಟು 1994ರಲ್ಲಿ ಕಳಚಿಬಿದ್ದು, ವಾಣಿಜ್ಯ ಉತ್ಪಾದನೆ ಆರಂಭವಾದದ್ದು 2000ದಲ್ಲಿ. ಆ 11 ವರ್ಷಗಳೂ ದೇಶದಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇತ್ತು. ಬಳಸಿದ ಇಂಧನದ ವಿಕಿರಣವು ಬೇರೆಯೇ ಪ್ರಶ್ನೆ. ಇಂಗಾಲದ ಲೆಕ್ಕದಲ್ಲಿ ಮಾತ್ರ ಈ ವಿಳಂಬವೇ ದೊಡ್ಡ ದೋಷವೆಂದು ನನ್ನೆಣಿಕೆ. ಈಗ ಅಲ್ಲಿಯೇ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳ ನಿರ್ಮಾಣವು ಸಾಗಿದೆ. ಅವು ಒಂದು ವರ್ಷ ತಡವಾದರೆ ಎಷ್ಟು ಅನಿಲ ಹೆಚ್ಚೀತೆಂಬುದನ್ನು ವಾಚಕರು ಮೇಲಿನ ಅಂಕೆಗಳಿಂದಲೇ ಗುಣಿಸಿ ನೋಡಬಹುದು.