ಒಂದು ಮತದ ಅಂತರ, ಎರಡು ಯಂತ್ರಗಳ ನೆನಪು

2004ರ ಮೇ 13ರಂದು ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಚಾಮರಾಜನಗರ ಜಿಲ್ಲೆಯಲ್ಲಿ ಈ ಸಂಗತಿ ಗೊತ್ತಿಲ್ಲದವರು ಕಡಿಮೆ. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. ಆ ಒಂದು ಮತದ ಮಾತು ಮಾತ್ರ ಉಳಿದುಕೊಂಡಿತು. ಮತ ಹಾಕಲು ಹೋಗದವರನ್ನು ಎಚ್ಚರಿಸಲು ಇಂದಿಗೂ ಎಲ್ಲರೂ ಅದನ್ನೇ ಹೇಳುತ್ತಾರೆ. ಆ ಒಂದನ್ನು ಕಳೆಯದೆ ಹಿಡಿದಿಟ್ಟ ಯಂತ್ರದ ಬಗ್ಗೆಯೂ ಯಾರಾದರೂ ಹೇಳಬೇಕು.

ಆ ವರ್ಷ ದೇಶದ 543 ಲೋಕಸಭಾ ಕ್ಷೇತ್ರಗಳಲ್ಲೂ ಮೊದಲ ಬಾರಿಗೆ ಮತಯಂತ್ರವೇ ಬಳಕೆಯಾಯಿತು. ಕರ್ನಾಟಕದಲ್ಲಿ ವಿಧಾನಸಭೆಗೂ ಅದರ ಜೊತೆಗೇ ಚುನಾವಣೆ ನಡೆಯಿತು. ಕಾಗದದ ಕಾಲದಲ್ಲಿ ಇಷ್ಟು ಸಣ್ಣ ಅಂತರ ಬಂದಿದ್ದರೆ ಏಜೆಂಟರು ಸಂಶಯದ ಮತಪತ್ರಗಳನ್ನು ಒಂದೊಂದಾಗಿ ಎತ್ತಿಸಿ, ಮುದ್ರೆ ಗೆರೆಯ ಯಾವ ಕಡೆ ಬಿದ್ದಿದೆ ಎಂದು ರಾತ್ರಿಯಿಡೀ ವಾದಿಸುತ್ತಿದ್ದರು. ಯಂತ್ರದ ಮತಗಳ ಮಟ್ಟಿಗೆ ಅಂಥ ವಾದಕ್ಕೆ ಜಾಗವಿಲ್ಲ. ಮತಗಳನ್ನು ಹಿಡಿದಿಡುವ ಕಂಟ್ರೋಲ್ ಯೂನಿಟ್ಟಿನ ರಿಸಲ್ಟ್ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಚಿಪ್ಪಿನಲ್ಲಿ ಬರೆದಿಟ್ಟದ್ದನ್ನೇ ಅದು ಮತ್ತೆ ಓದಿ ತೋರಿಸುತ್ತದೆ. 2004ರ ಯಂತ್ರಕ್ಕೆ ಚೀಟಿ ಮುದ್ರಿಸುವ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಎಲ್ಲವೂ ನಿಂತಿದ್ದದ್ದು ಅದರ ಮೆಮೊರಿಯ ಮೇಲೆ.

ಮತಯಂತ್ರವೆಂದರೆ ಒಂದು ಕ್ಯಾಲ್ಕುಲೇಟರ್ ಇದ್ದ ಹಾಗೆ ಎಂದು ಚುನಾವಣಾ ಆಯೋಗ ಹಲವು ಬಾರಿ ಹೇಳಿದೆ. ಯಾವ ಜಾಲಕ್ಕೂ ಸೇರದೆ ತನ್ನಷ್ಟಕ್ಕೆ ಕೂಡಿ ಹೇಳುವ ಯಂತ್ರ ಎಂಬ ಅರ್ಥದಲ್ಲಿ ಆ ಮಾತು ಸರಿ. ಆದರೆ ಕ್ಯಾಲ್ಕುಲೇಟರುಗಳಲ್ಲೂ ಜಾತಿಗಳಿವೆ. ಹೈದರಾಬಾದಿನ ಇಸಿಐಎಲ್ ಮತಯಂತ್ರದ ಮಾದರಿಯನ್ನು ಸಿದ್ಧಪಡಿಸಿದ್ದು 1979ರಲ್ಲಿ. ಆಯೋಗ ಅದನ್ನು 1980ರ ಆಗಸ್ಟ್ 6ರಂದು ರಾಜಕೀಯ ಪಕ್ಷಗಳಿಗೆ ತೋರಿಸಿತು, ಆಮೇಲೆ ಬೆಂಗಳೂರಿನ ಬಿಇಎಲ್ ಕೂಡ ತಯಾರಿಕೆಗೆ ಕೈಹಾಕಿತು. ಅದೇ 1979ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಎಚ್‌ಪಿ-41ಸಿ ಎಂಬ ಪ್ರೋಗ್ರಾಂ ಮಾಡಬಲ್ಲ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದೇ ವಯಸ್ಸಿನ ಈ ಎರಡು ಯಂತ್ರಗಳನ್ನು ಜೊತೆಗಿಟ್ಟು ನೋಡಿದರೆ ಮತಯಂತ್ರದ ಸ್ವಭಾವ ಸ್ಪಷ್ಟವಾಗುತ್ತದೆ.

ಎಚ್‌ಪಿ-41ಸಿ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಂದು ಸಂಖ್ಯೆಯನ್ನು ಇಡಲು ಅದರಲ್ಲಿ ಒಂದು ರಿಜಿಸ್ಟರ್. ಹತ್ತು ಅಂಕಿ, ಘಾತಕ್ಕೆ ಎರಡು ಅಂಕಿ, ಧನವೋ ಋಣವೋ ಎಂಬುದಕ್ಕೆ ಎರಡು ಚಿಹ್ನೆ: ಒಟ್ಟು ಹದಿನಾಲ್ಕು ಸ್ಥಾನ. ಸ್ಥಾನಕ್ಕೆ ನಾಲ್ಕು ಬಿಟ್‌ನಂತೆ 56 ಬಿಟ್, ಅಂದರೆ 7 ಬೈಟ್. ಕೊಂಡು ತಂದಾಗ ಇಂಥ 63 ರಿಜಿಸ್ಟರುಗಳು ಇರುತ್ತಿದ್ದವು. ಪ್ರೋಗ್ರಾಮೂ ಅದರಲ್ಲೇ, ಅಂಕಿಗಳೂ ಅದರಲ್ಲೇ. ಅಂಕಿಗಳಿಗೆ ಎಷ್ಟು ಜಾಗ ಎಂದು ಸೈಜ್ ಎಂಬ ಆಜ್ಞೆ ಕೊಟ್ಟು ಬಳಸುವವರೇ ಗೊತ್ತುಮಾಡಬೇಕು. ಎರಡರ ನಡುವಿನ ಗಡಿಗೆ ಬಳಕೆದಾರರು ಇಟ್ಟ ಹೆಸರು ಪರದೆ. ಅಂಕಿಗಳ ಜಾಗ ಹೆಚ್ಚಿಸಿದರೆ ಪರದೆ ಸರಿದು ಪ್ರೋಗ್ರಾಮಿಗೆ ಜಾಗ ಕುಗ್ಗುತ್ತದೆ.

ತಲೆಯ ಕಡೆ ನಾಲ್ಕು ಕಿಂಡಿಗಳಿದ್ದವು. ಒಂದೊಂದಕ್ಕೆ 64 ರಿಜಿಸ್ಟರಿನ ಬಿಲ್ಲೆ ಸಿಕ್ಕಿಸಬಹುದಿತ್ತು. ನಾಲ್ಕನ್ನೂ ಸಿಕ್ಕಿಸಿದರೆ 319 ರಿಜಿಸ್ಟರ್, 2,233 ಬೈಟ್. ಆದರೆ ಆಗ ಪ್ರಿಂಟರಿಗೋ ಕಾರ್ಡ್ ಓದುವ ಸಾಧನಕ್ಕೋ ಕಿಂಡಿ ಉಳಿಯುತ್ತಿರಲಿಲ್ಲ. ಕಂಪನಿ ನಾಲ್ಕನ್ನೂ ಒಂದೇ ಬಿಲ್ಲೆಯಲ್ಲಿ ಅಡಗಿಸಿ ಕೊಟ್ಟಿತು. 1980ರ 41ಸಿವಿ ಮಾದರಿಯಲ್ಲಿ ಅಷ್ಟನ್ನೂ ಒಳಗೇ ಇಟ್ಟಿತು. ಆಮೇಲೆ ವಿಸ್ತರಿತ ಮೆಮೊರಿ ಬಂತು. ಒಳಗಿನ ವಿಳಾಸಗಳು 10 ಬಿಟ್‌ನವು, ಹಾಗಾಗಿ 1,024 ವಿಳಾಸಗಳು ಸಾಧ್ಯ. ಮುಖ್ಯ ಮೆಮೊರಿ ಅವುಗಳಲ್ಲಿ ಒಂದು ಪಾಲನ್ನಷ್ಟೇ ಹಿಡಿದುಕೊಂಡಿತ್ತು. ಖಾಲಿ ಬಿದ್ದ ವಿಳಾಸಗಳಿಗೆ ಹೊಸ ಬಿಲ್ಲೆಗಳನ್ನು ಜೋಡಿಸಿದರು. 1983ರ 41ಸಿಎಕ್ಸ್‌ಗೆ ಅಂಥ ಎರಡನ್ನು ಸಿಕ್ಕಿಸಿದರೆ ವಿಸ್ತರಿತ ಮೆಮೊರಿ ಒಟ್ಟು 600 ರಿಜಿಸ್ಟರ್ ಆಗುತ್ತಿತ್ತು. ಅಲ್ಲಿಟ್ಟ ಪ್ರೋಗ್ರಾಮನ್ನು ಅಲ್ಲೇ ಓಡಿಸಲು ಬರುತ್ತಿರಲಿಲ್ಲ, ಮುಖ್ಯ ಮೆಮೊರಿಗೆ ನಕಲು ಮಾಡಿಕೊಂಡೇ ಓಡಿಸಬೇಕು. ಎಲ್ಲ ಸೇರಿ 919 ರಿಜಿಸ್ಟರ್, 6,433 ಬೈಟ್. 1981ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಹಾರಿದ ಅಮೆರಿಕದ ಸ್ಪೇಸ್ ಷಟಲ್‌ನಲ್ಲಿ ಈ ಬಗೆಯ ಕ್ಯಾಲ್ಕುಲೇಟರುಗಳಿದ್ದವು. ಮುಂದಿನ ಭೂಕೇಂದ್ರದ ಸಂಪರ್ಕ ಯಾವಾಗ ಸಿಗುತ್ತದೆ ಎಂಬುದನ್ನು ಯಾನಿಗಳು ಅವುಗಳಲ್ಲಿ ಲೆಕ್ಕ ಹಾಕುತ್ತಿದ್ದರು.

ಕೆಲವರು ಬಿಲ್ಲೆ ಕೊಳ್ಳದೆಯೂ ಯಂತ್ರವನ್ನು ಹಿಗ್ಗಿಸಿದರು. ಮೊದಲ ಯಂತ್ರಗಳಲ್ಲಿ ಸಣ್ಣ ದೋಷಗಳು ಉಳಿದುಕೊಂಡಿದ್ದವು. ಅವುಗಳ ಮೂಲಕ, ಕೀಲಿಮಣೆಯಿಂದ ಒತ್ತಲಾಗದ ಸಂಕೇತಗಳನ್ನು ಪ್ರೋಗ್ರಾಮಿನೊಳಗೆ ನುಗ್ಗಿಸಬಹುದು ಎಂದು ಬಳಕೆದಾರರು ಕಂಡುಕೊಂಡರು. ಹಾಗೆ ನುಗ್ಗಿದರೆ ಯಂತ್ರ ತನಗಾಗಿ ಇಟ್ಟುಕೊಂಡ 16 ಗುಪ್ತ ರಿಜಿಸ್ಟರುಗಳು ಕೈಗೆ ಸಿಗುತ್ತವೆ. ಪರದೆ ಎಲ್ಲಿದೆ ಎಂಬುದೂ ಅವುಗಳಲ್ಲೊಂದರಲ್ಲಿ ಬರೆದಿರುತ್ತದೆ. ಅದನ್ನು ಲೆಕ್ಕ ಮಾಡಿ ತಿದ್ದಿದರೆ ಹೊಸ ಶಕ್ತಿ ಬರುತ್ತದೆ. ತಪ್ಪಿ ತಿದ್ದಿದರೆ ಡಿಸ್‌ಪ್ಲೇಯಲ್ಲಿ ಮೆಮೊರಿ ಲಾಸ್ಟ್ ಎಂಬ ಎರಡು ಪದ, ಎಲ್ಲವೂ ಖಾಲಿ. ವಿಲಿಯಂ ವಿಕ್ಸ್ ಎಂಬ ಭೌತವಿಜ್ಞಾನಿ ಈ ವಿದ್ಯೆಯ ಬಗ್ಗೆ ಸಿಂಥೆಟಿಕ್ ಪ್ರೋಗ್ರಾಮಿಂಗ್ ಎಂಬ ಹೆಸರಿನಲ್ಲೇ 1980ರಲ್ಲಿ ಪುಸ್ತಕ ಬರೆದರು. ಮುಂದೆ ಅದೇ ಕಂಪನಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. ತಯಾರಕರು ಮುಚ್ಚಿಟ್ಟದ್ದನ್ನು ಬಳಸುವವರು ತೆರೆದದ್ದಕ್ಕೆ ಸಿಕ್ಕ ಈ ಮನ್ನಣೆ ನನಗೆ ಬಹಳ ಇಷ್ಟ. ಕ್ಯಾಲ್ಕುಲೇಟರಿನ ವಿಷಯದಲ್ಲಿ ಅದು ನ್ಯಾಯವೂ ಹೌದು: ಕೊಂಡವನ ಯಂತ್ರ, ಕೊಂಡವನ ಲೆಕ್ಕ. ಕೆಟ್ಟರೆ ನಷ್ಟ ಅವನೊಬ್ಬನದೇ.

ಮತಯಂತ್ರದ ಲೆಕ್ಕ ಬೇರೆ. ಮೊದಲು ಎಷ್ಟು ಮೆಮೊರಿ ಬೇಕು ಎಂಬುದನ್ನೇ ನೋಡೋಣ. ಹಳೆಯ ಯಂತ್ರದ ಮಿತಿ 3,840 ಮತ. ಮತದಾರ ಒತ್ತುವ ಒಂದು ಬ್ಯಾಲಟ್ ಯೂನಿಟ್ಟಿಗೆ 16 ಗುಂಡಿ, ನಾಲ್ಕು ಯೂನಿಟ್ ಜೋಡಿಸಿದರೆ 64. ಒಂದು ಮತಕ್ಕೆ ಒಂದು ಬೈಟ್ ಎಂದು ಧಾರಾಳವಾಗಿ ಹಿಡಿದರೂ ಒಂದು ಮತಗಟ್ಟೆಯ ಇಡೀ ದಿನದ ತೀರ್ಪು 3,840 ಬೈಟ್. ಎಲ್ಲ ಬಿಲ್ಲೆ ಸಿಕ್ಕಿಸಿದ 41ಸಿಎಕ್ಸ್‌ನಲ್ಲಿ ಅದು ಹಿಡಿದು ಜಾಗ ಮಿಗುತ್ತದೆ! ಈಗಿನ ಮೂರನೇ ಪೀಳಿಗೆಯ ಯಂತ್ರದ ಮಿತಿ 2,000 ಮತ. ಆದರೆ 24 ಯೂನಿಟ್ ಜೋಡಿಸಬಹುದಾದ್ದರಿಂದ ಗುಂಡಿಗಳು 384. ಅಷ್ಟರಲ್ಲಿ ಒಂದನ್ನು ಗುರುತಿಸಲು 8 ಬಿಟ್ ಸಾಲದು, 9 ಬೇಕು. 2,000 ಮತಕ್ಕೆ 2,250 ಬೈಟ್ ಆಯಿತು. 41ಸಿವಿಯಲ್ಲಿ ಇರುವುದು 2,233. ಹದಿನೇಳೇ ಬೈಟ್ ಕಡಿಮೆ.

ಹಾಗಿದ್ದೂ ಆ ಕ್ಯಾಲ್ಕುಲೇಟರಿನ ಮೆಮೊರಿಯನ್ನು ಮತಗಟ್ಟೆಯಲ್ಲಿ ನಂಬುವಂತಿಲ್ಲ. ಅದರದು ಬ್ಯಾಟರಿಯಿಂದ ಸದಾ ಸ್ವಲ್ಪ ಸ್ವಲ್ಪ ವಿದ್ಯುತ್ ಕುಡಿಯುತ್ತ ಬದುಕುವ ನೆನಪು. ಬ್ಯಾಟರಿ ತೆಗೆದು ಬಹಳ ಹೊತ್ತು ಬಿಟ್ಟರೆ ಎಲ್ಲ ಅಳಿಯುತ್ತದೆ. ಮತಯಂತ್ರದಲ್ಲಿ ಬಳಸುವ ಇಇಪ್ರಾಮ್ ಚಿಪ್ಪಿನ ರೀತಿಯೇ ಬೇರೆ. ಅಲ್ಲಿ ಪ್ರತಿ ಬಿಟ್‌ಗೂ ಒಂದು ಟ್ರಾನ್ಸಿಸ್ಟರ್. ಅದರ ನಡುವೆ, ಸುತ್ತಲೂ ಸಿಲಿಕಾನ್ ಆಕ್ಸೈಡ್ ಎಂಬ ನಿರೋಧಕ ಮುಚ್ಚಿದ, ಯಾವ ತಂತಿಯೂ ತಾಗದ ಒಂದು ಪುಟ್ಟ ವಾಹಕ ಪದರ. ಹೆಚ್ಚು ವೋಲ್ಟೇಜ್ ಕೊಟ್ಟಾಗ ಇಲೆಕ್ಟ್ರಾನುಗಳು ತೆಳು ಆಕ್ಸೈಡನ್ನು ಹಾಯ್ದು ಆ ಪದರದೊಳಗೆ ಸೇರುತ್ತವೆ. ಕ್ವಾಂಟಂ ಭೌತಶಾಸ್ತ್ರ ಇದನ್ನು ಸುರಂಗ ಹಾಯುವುದು ಎನ್ನುತ್ತದೆ. ವೋಲ್ಟೇಜ್ ತೆಗೆದರೆ ಹಿಂದಿರುಗಲು ದಾರಿಯಿಲ್ಲ. ಒಳಗೆ ಇಲೆಕ್ಟ್ರಾನುಗಳಿವೆಯೋ ಇಲ್ಲವೋ ಎಂಬುದೇ ಸೊನ್ನೆ ಅಥವಾ ಒಂದು. ಫಲಿತಾಂಶ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯುತ್ತದೆ ಎಂದು ಆಯೋಗ ಹೇಳುವುದು ಈ ಆಧಾರದ ಮೇಲೆ. ಇನ್ನು ಯಂತ್ರವನ್ನು ನಡೆಸುವ ಪ್ರೋಗ್ರಾಂ ಕೂತಿರುವುದು ಒಮ್ಮೆ ಮಾತ್ರ ಬರೆಯಬಹುದಾದ ಜಾಗದಲ್ಲಿ. ವಿಕ್ಸ್ ಮಾಡಿದಂಥ ಸಾಹಸಕ್ಕೆ ಇಲ್ಲಿ ಬಾಗಿಲು ಮುಚ್ಚಿದೆ, ಮುಚ್ಚಿರಲೇಬೇಕು.

ಹಾಗಾದರೆ ಮತಯಂತ್ರ ಬೆಳೆದದ್ದು ಎಲ್ಲಿ? ಮೊದಲು ಗುಂಡಿಗಳಲ್ಲಿ. ಅದಕ್ಕೆ ಕಾರಣ ನಮ್ಮ ರಾಜ್ಯದಲ್ಲೇ ಇತ್ತು. 1985ರ ವಿಧಾನಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರಕ್ಕೆ 301 ಅಭ್ಯರ್ಥಿಗಳು. 1996ರಲ್ಲಿ ಅಲ್ಲಿನ ಲೋಕಸಭಾ ಕ್ಷೇತ್ರಕ್ಕೆ 456. ಅದೇ 1996ರಲ್ಲಿ, ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ ದಾಟಿದರೆ ಸಿಗುವ ಈರೋಡ್ ಜಿಲ್ಲೆಯ ಮೊಡಕುರಿಚ್ಚಿಯಲ್ಲಿ 1,033 ಮಂದಿ ಕಣದಲ್ಲಿದ್ದು ಮತಪತ್ರ ಪುಸ್ತಕವೇ ಆಗಿತ್ತು. 64 ಗುಂಡಿಯ ಯಂತ್ರಕ್ಕೆ ಇವು ಯಾವುವೂ ಎಟಕುತ್ತಿರಲಿಲ್ಲ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ರೈತರು ಸಾಲಾಗಿ ನಾಮಪತ್ರ ಹಾಕಿ ಅಭ್ಯರ್ಥಿಗಳು 185 ಆದಾಗ, ಮೂರನೇ ಪೀಳಿಗೆಯ ಯಂತ್ರಕ್ಕೆ ಮತಗಟ್ಟೆಗೆ 12 ಬ್ಯಾಲಟ್ ಯೂನಿಟ್‌ನಂತೆ ಜೋಡಿಸಿ ಮತದಾನ ನಡೆಸಿದರು.

ಒಳಗಿನ ಮೆಮೊರಿಯೂ ಹಿಗ್ಗಿತು. ಅಲ್ಲಿಂದ ಮುಂದೆ ನನ್ನ ಎಚ್ಚರವೂ ಹೆಚ್ಚುತ್ತದೆ. 2006ರಿಂದ ಬಂದ ಎರಡನೇ ಪೀಳಿಗೆಯ ಯಂತ್ರ ಪ್ರತಿ ಗುಂಡಿ ಒತ್ತಿದ ಸಮಯವನ್ನೂ ಗುರುತಿಟ್ಟುಕೊಳ್ಳುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಒತ್ತಿದ್ದರೆ ಸಿಕ್ಕಿಬೀಳಲಿ ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಮತಗಟ್ಟೆಯ ರಿಜಿಸ್ಟರಿನಲ್ಲಿ ಮತದಾರರ ಸಹಿ ಬಂದವರ ಕ್ರಮದಲ್ಲೇ ಇರುತ್ತದೆ. ಯಂತ್ರದಲ್ಲೂ ಮತಗಳು ಬಿದ್ದ ಕ್ರಮದಲ್ಲೇ ಉಳಿದರೆ ಎರಡನ್ನೂ ಪಕ್ಕಪಕ್ಕ ಇಟ್ಟವನಿಗೆ ಗುಟ್ಟು ಬಯಲು. 2010ರಲ್ಲಿ ಹರಿಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಗಾಂಗ್ರೈಪ್ ಎಂಬ ಮೂವರು ಸಂಶೋಧಕರು ಒಂದು ಯಂತ್ರವನ್ನು ಬಿಚ್ಚಿ ಪರೀಕ್ಷಿಸಿ ಈ ಅಪಾಯವನ್ನು ತೋರಿಸಿದರು. ಮತ ಕೂತ ಚಿಪ್ಪಿಗೆ ಪುಟ್ಟ ಸಾಧನವೊಂದನ್ನು ಕಚ್ಚಿಸಿ ಅಂಕಿಯನ್ನೇ ಬದಲಿಸಬಹುದೆಂದೂ ತೋರಿಸಿದರು. ಅದಕ್ಕೆ ಯಂತ್ರವನ್ನು ತೆರೆಯಬೇಕು, ಸೀಲು ಕಾವಲುಗಳು ಇರುವುದೇ ತೆರೆಯದಿರಲೆಂದು ಎಂಬುದು ಆಯೋಗದ ಉತ್ತರ. ಈಗಿನ ಯಂತ್ರ ತೆರೆಯಲು ಹೋದರೆ ತಾನೇ ಕೆಲಸ ನಿಲ್ಲಿಸುವಂತೆ ಮಾಡಿದ್ದಾರೆ. ಯಾವುದನ್ನು ನೆನಪಿಡಬಾರದು ಎಂಬುದೂ ಮತಯಂತ್ರದ ವಿನ್ಯಾಸದ ಭಾಗವಾಗಬೇಕು. ಕ್ಯಾಲ್ಕುಲೇಟರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

2013ರಿಂದ ಸೇರಿದ ವಿವಿಪ್ಯಾಟ್ ಎಂಬ ಚೀಟಿ ಮುದ್ರಿಸುವ ಪೆಟ್ಟಿಗೆ ಕೂಡ ಒಂದು ಮೆಮೊರಿಯೇ. ನನ್ನ ಮಟ್ಟಿಗೆ ಈ ಯಂತ್ರಕ್ಕೆ ಆದ ಅತಿ ಒಳ್ಳೆಯ ವಿಸ್ತರಣೆ ಅದು. ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ನಿಂತು ಪೆಟ್ಟಿಗೆಗೆ ಬೀಳುತ್ತದೆ; ಓದಲು ವಿದ್ಯುತ್ತೂ ಬೇಡ, ಎಂಜಿನಿಯರೂ ಬೇಡ, ಕಣ್ಣು ಸಾಕು. ಆದರೆ ಚೀಟಿಯಲ್ಲಿ ಅಭ್ಯರ್ಥಿಯ ಚಿಹ್ನೆ ಮೂಡಬೇಕಲ್ಲ? ಅದಕ್ಕಾಗಿ ವಿವಿಪ್ಯಾಟ್‌ಗೆ ಮತ್ತೆ ಮತ್ತೆ ಬರೆಯಬಹುದಾದ ಮೆಮೊರಿ ಇಡಬೇಕಾಯಿತು, ಅದಕ್ಕೆ ಚಿಹ್ನೆ ತುಂಬುವ ಒಂದು ಸಾಧನವೂ ಬೇಕಾಯಿತು. ಹೊಸ ಮೆಮೊರಿ ಬಂದಲ್ಲಿ ಹೊಸ ಕಾವಲು ಬರಲೇಬೇಕು. ಚಿಹ್ನೆ ತುಂಬಿದ ಸಾಧನವನ್ನು ಸೀಲು ಮಾಡಿ, ಫಲಿತಾಂಶದ ನಂತರ 45 ದಿನ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಎರಡನೇ, ಮೂರನೇ ಸ್ಥಾನ ಪಡೆದವರು ಏಳು ದಿನದೊಳಗೆ ಬರೆದು ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರಿನಲ್ಲಿ ಬರೆದ ಪ್ರೋಗ್ರಾಮನ್ನು ತಯಾರಕರ ಎಂಜಿನಿಯರುಗಳು ಪರಿಶೀಲಿಸಬೇಕು ಎಂದೂ ಹೇಳಿತು. ಸಂತೇಮರಹಳ್ಳಿಯಂಥ ಅಂತರದಲ್ಲಿ ಸೋತವರಿಗೆ 2004ರಲ್ಲಿ ಚೀಟಿ ಎಣಿಸುವ, ಪ್ರೋಗ್ರಾಂ ಪರಿಶೀಲಿಸುವ ಈ ಎರಡು ದಾರಿಯೂ ಇರಲಿಲ್ಲ.

ಆ ತೀರ್ಪು ಬಂದದ್ದು 2024ರ ಏಪ್ರಿಲ್ 26ರಂದು. ಅದೇ ದಿನ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ ಗ್ರಾಮದ ಜನ ರಸ್ತೆ, ನೀರಿಲ್ಲವೆಂದು ಮತದಾನ ಬಹಿಷ್ಕರಿಸಿದ್ದರು. ಗಲಾಟೆಯಾಗಿ ಮತಗಟ್ಟೆಯಲ್ಲಿದ್ದ ಯಂತ್ರ ಒಡೆದುಹೋಯಿತು. ಒಡೆದ ಯಂತ್ರದ ಚಿಪ್ಪಿನಿಂದ ಅಂಕಿ ಹೆಕ್ಕುವ ಕೆಲಸಕ್ಕೆ ಕಾನೂನು ಕೈಹಾಕುವುದಿಲ್ಲ. ಯಂತ್ರ ನಾಶವಾಗಿ ಆ ಮತಗಟ್ಟೆಯ ಫಲಿತಾಂಶ ತಿಳಿಯದಂತಾದರೆ ಅಲ್ಲಿ ಮತದಾನ ಅಸಿಂಧು ಎಂದು ಘೋಷಿಸಿ ಹೊಸದಾಗಿ ನಡೆಸಬಹುದು. ಏಪ್ರಿಲ್ 29ರಂದು ಇಂಡಿಗನತ್ತದಲ್ಲಿ ಮರು ಮತದಾನ ನಡೆಯಿತು.

ಮರು ಮತದಾನವಿರಲಿ, ಮೊದಲನೆಯದೇ ಇರಲಿ, ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ಆಗಬೇಕು. ಆಮೇಲೆ ಮತಗಟ್ಟೆ ಸಿಬ್ಬಂದಿಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸುವ ಸಿಆರ್‌ಸಿ: ಕ್ಲೋಸ್, ರಿಸಲ್ಟ್, ಕ್ಲಿಯರ್. ಕ್ಲಿಯರ್ ಒತ್ತಲು ಮರೆತರೆ ಅಣಕು ಮತಗಳು ಮೆಮೊರಿಯಲ್ಲೇ ಉಳಿದು ನಿಜವಾದ ಮತಗಳ ಜೊತೆ ಸೇರಿಬಿಡುತ್ತವೆ. ಅಂಥ ಮತಗಟ್ಟೆಯ ಯಂತ್ರವನ್ನು ಎಣಿಕೆಯ ದಿನ ಬದಿಗಿಡುತ್ತಾರೆ. ಗೆಲುವಿನ ಅಂತರ ಅಲ್ಲಿ ಬಿದ್ದ ಮತಗಳಿಗಿಂತ ಕಡಿಮೆಯಿದ್ದರೆ ವಿವಿಪ್ಯಾಟ್ ಪೆಟ್ಟಿಗೆ ತೆರೆದು, ಚೀಟಿಗಳನ್ನೇ ಕೈಯಲ್ಲಿ ಎಣಿಸುತ್ತಾರೆ.