ಸಿಮ್ ಯಾರ ಹೆಸರಿನಲ್ಲಿದೆ?

ಅಕ್ಕಾ, ನಿಮ್ಮ ಕೈಯಲ್ಲಿರುವ ಫೋನು ನಿಮ್ಮದು. ಆದರೆ ಒಳಗಿರುವ ಸಿಮ್ ಯಾರ ಹೆಸರಿನಲ್ಲಿದೆ?

ಹೀಗೆ ಕೇಳಿದರೆ ನಮ್ಮಲ್ಲಿ ಬಹಳ ಜನ ನಗುತ್ತಾರೆ. "ಮನೆಯವರು ತಂದುಕೊಟ್ಟಿದ್ದು, ಅವರ ಹೆಸರಿಗೇ ಇರಬೇಕು" ಅನ್ನುತ್ತಾರೆ. "ನಮ್ಮ ಮೈದುನ ಹಾಕಿಸಿಕೊಟ್ಟಾನ" ಅನ್ನುತ್ತಾರೆ. ಹೆಸರಿನಿಂದ ಏನಾಗಬೇಕು, ಮಾತಾಡಲಿಕ್ಕೆ ಬಂದರೆ ಸಾಕಲ್ಲ ಅಂತ ಅನ್ನಿಸಬಹುದು. ಬರೀ ಮಾತಾಡಲಿಕ್ಕೇ ಆಗಿದ್ದರೆ ಸಾಕಿತ್ತು.

ಈಗ ನಂಬರು ಬೇರೆ ಕೆಲಸವನ್ನೂ ಮಾಡುತ್ತದೆ. 2023ರ ಆಗಸ್ಟ್ ತಿಂಗಳಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ದುಡ್ಡು ಜಮಾ ಆದರೆ ಬ್ಯಾಂಕಿನ ಸಂದೇಶ ಬರುವುದು ಈ ನಂಬರಿಗೆ. ಯಾರಾದರೂ ದುಡ್ಡು ತೆಗೆದರೂ ಸಂದೇಶ ಬರುವುದು ಇದಕ್ಕೇ. ಓಟಿಪಿ ಬರುವುದೂ ಇದಕ್ಕೇ. ಓಟಿಪಿ ಅಂದರೆ ಒಂದೇ ಸಲ ನಡೆಯುವ ಗುಟ್ಟಿನ ಅಂಕಿ. ಅದು ಕಳ್ಳನ ಕೈಗೆ ಸಿಕ್ಕರೆ ಖಾತೆಯ ಬೀಗ ಅರ್ಧ ತೆಗೆದ ಹಾಗೆ.

ಸಿಮ್ ಅಂದರೆ ಏನು? ಬೆರಳ ಉಗುರಿನಷ್ಟು ಸಣ್ಣ ತುಂಡು. ಒಂದು ಮೂಲೆ ಕತ್ತರಿಸಿರುತ್ತದೆ, ತಿರುಗಮುರುಗ ಹಾಕಬಾರದು ಅಂತ. ನಡುವೆ ಬಂಗಾರದ ಬಣ್ಣದ ಹಾಳೆ. ನಮ್ಮ ಗುರುತು ಅದರ ಒಳಗೆ ಇರುತ್ತದೆ. ಫೋನು ಆ ಗುರುತನ್ನು ಟವರಿಗೆ ತೋರಿಸುತ್ತದೆ. "ಇದು ನಮ್ಮ ಗಿರಾಕಿ" ಅಂತ ಕಂಪನಿ ಒಪ್ಪಿಕೊಂಡ ಮೇಲೆ ಸಿಗ್ನಲ್ ಗೆರೆಗಳು ಮೂಡುತ್ತವೆ. ಜಗತ್ತಿನ ಮೊದಲ ಸಿಮ್‌ಗಳು ತಯಾರಾದದ್ದು 1991ರಲ್ಲಿ, ಜರ್ಮನಿ ದೇಶದಲ್ಲಿ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಆಗ ಅದು ದೊಡ್ಡವರ ಮಾತು. ಈಗ ಮೋಕದ ಹೊಲದಲ್ಲಿ ಹತ್ತಿ ಬಿಡಿಸುವವರ ಸೆರಗಿನಲ್ಲೂ ಫೋನು ಇದೆ.

ಈಗ ಹೀಗೆ ಅಂದುಕೊಳ್ಳಿ. ಹತ್ತಿ ಹೊಲದಲ್ಲಿ ಫೋನು ಬಿದ್ದುಹೋಯಿತು. ಹೊಸ ಫೋನು ಕೊಳ್ಳಬಹುದು. ಹಳೇ ನಂಬರು ಬೇಕಲ್ಲ? ಅದಕ್ಕೆ ಬದಲಿ ಸಿಮ್ ತೆಗೆಸಬೇಕು. ನಂಬರು ಅದೇ, ತುಂಡು ಹೊಸದು. ಬಳ್ಳಾರಿಗೆ ಹೋಗಿ ಕಂಪನಿಯ ಅಂಗಡಿಯಲ್ಲಿ ಕೇಳಿದರೆ, "ಯಾರ ಹೆಸರಿಗಿದೆಯೋ ಅವರೇ ಬರಬೇಕಮ್ಮ" ಅನ್ನುತ್ತಾರೆ. ಅವರು ಹೇಳುವುದು ಸರಿ. ಕೇಳಿದವರಿಗೆಲ್ಲ ಕೊಟ್ಟರೆ ಕಳ್ಳನಿಗೂ ಕೊಡಬೇಕಾಗುತ್ತದೆ. ಆದರೆ ಸಿಮ್ ಮೈದುನನ ಹೆಸರಿನಲ್ಲಿದೆ, ಮೈದುನ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಅವನು ಬರುವ ತನಕ ಬ್ಯಾಂಕಿನ ಸುದ್ದಿಯೂ ಇಲ್ಲ, ಮೇಸ್ತ್ರಿ ಕೂಲಿಗೆ ಕರೆದದ್ದೂ ಗೊತ್ತಾಗುವುದಿಲ್ಲ.

ಅದಕ್ಕೇ ನಂಬರನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದರಲ್ಲಿ ಜಗಳ ಏನೂ ಇಲ್ಲ. ಹಳೇ ಹೆಸರಿನವರು, ಹೊಸ ಹೆಸರಿನವರು ಇಬ್ಬರೂ ಗುರುತಿನ ಚೀಟಿ ಹಿಡಿದು ಕಂಪನಿಯ ಅಂಗಡಿಗೆ ಹೋಗಿ. "ಹೆಸರು ಬದಲಾಯಿಸಬೇಕು, ನಂಬರು ಅದೇ ಇರಲಿ" ಅಂತ ಕೇಳಿ. ಹಳೇ ಹೆಸರಿನವರು ತೀರಿಕೊಂಡಿದ್ದರೆ ಮರಣದ ಸರ್ಟಿಫಿಕೇಟು ತೆಗೆದುಕೊಂಡು ಹೋಗಿ.

ಹೊಸ ಸಿಮ್ ತೆಗೆದುಕೊಳ್ಳುವಾಗ ಗುರುತು ಕೊಡಬೇಕು. ಆಧಾರೇ ಬೇಕು ಅಂತ ಯಾರಾದರೂ ಹಟ ಮಾಡಿದರೆ ಒಂದು ಮಾತು ಗೊತ್ತಿರಲಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 26ರಂದು ತೀರ್ಪು ಬಂತು. ಸಿಮ್‌ಗೆ ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ನಾವಾಗಿ ಒಪ್ಪಿ ಕೊಡಬಹುದು. ಇಲ್ಲವಾದರೆ ಮತದಾರರ ಗುರುತಿನ ಚೀಟಿ ಕೊಡಬಹುದು.

ಇನ್ನು ಹೆಬ್ಬೆಟ್ಟಿನ ಮಾತು. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕಲು ಕಲಿತೆವು. ಎಷ್ಟು ಹೆಮ್ಮೆ ನಮಗೆ! ಆದರೆ ಸಿಮ್ ಮಾರುವಲ್ಲಿ ಸಣ್ಣ ಯಂತ್ರ ಇಟ್ಟುಕೊಂಡು ಮತ್ತೆ ಬೆರಳು ಒತ್ತು ಅನ್ನುತ್ತಾರೆ. ಇದು ಹಳೇ ಹೆಬ್ಬೆಟ್ಟಲ್ಲ. ಓದು ಬಂದವರೂ ಒತ್ತುತ್ತಾರೆ. ಆದರೆ ಇದು ಸಹಿಗಿಂತ ಜೋರು. "ಸರಿಯಾಗಿ ಬೀಳಲಿಲ್ಲ, ಇನ್ನೊಂದು ಸಲ ಒತ್ತು, ಮತ್ತೊಂದು ಸಲ ಒತ್ತು" ಅಂತ ಹೇಳಿ, ಒಬ್ಬರ ಹೆಸರಿನಲ್ಲಿ ಎರಡು ಮೂರು ಸಿಮ್ ತೆಗೆದು ಮೋಸಗಾರರಿಗೆ ಮಾರಿದ ಅಂಗಡಿಯವರೂ ಇದ್ದಾರೆ. ಹೊಲದ ಕೆಲಸ ಮಾಡಿ ಬೆರಳ ಗೆರೆ ಸವೆದ ನಮ್ಮಂಥವರು ಇದನ್ನು ಸುಲಭವಾಗಿ ನಂಬುತ್ತೇವೆ. ನಿಜವಾಗಿಯೂ ಬೀಳದೇ ಇರಬಹುದು. ಆದರೂ ಯಂತ್ರದಲ್ಲಿ ಏನು ಬಂತು, ಎಷ್ಟು ಸಿಮ್ ಅಂತ ಬಂತು, ತೋರಿಸು ಅಂತ ಕೇಳಿ. ಓದಿ ನೋಡಿ. ಓದಲು ಕಲಿತದ್ದು ಇದಕ್ಕೂ ಹೌದು.

ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಅಂತ ನೋಡಲು ದಾರಿ ಇದೆ. ಕೇಂದ್ರ ಸರ್ಕಾರದ ಟೆಲಿಕಾಂ ಇಲಾಖೆ 2023ರ ಮೇ ತಿಂಗಳಲ್ಲಿ 'ಸಂಚಾರ್ ಸಾಥಿ' ಅಂತ ಒಂದು ಏರ್ಪಾಡು ಮಾಡಿತು. ದೊಡ್ಡ ಫೋನು ಇರುವ ಮಗಳನ್ನೋ ಮಗನನ್ನೋ ಕೂರಿಸಿಕೊಂಡು ತೆರೆಯಿರಿ. ನಮ್ಮ ನಂಬರು ಹಾಕಿದರೆ ನಮ್ಮ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ನಮ್ಮ ಹೆಸರಿನ ನಂಬರುಗಳೆಲ್ಲ ಸಾಲಾಗಿ ಕಾಣುತ್ತವೆ. ಗೊತ್ತಿಲ್ಲದ ನಂಬರು ಕಂಡರೆ, ಇದು ನನ್ನದಲ್ಲ ಅಂತ ಅಲ್ಲೇ ತಿಳಿಸಬಹುದು. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ 9 ಸಿಮ್‌ಗಿಂತ ಹೆಚ್ಚು ಇರುವ ಹಾಗಿಲ್ಲ. ನಮಗೆ ಒಂದು ಎರಡೇ ಬೇಕಾದಷ್ಟು.

ಕಂಪನಿಯ ಸಿಗ್ನಲ್ ನಿಮ್ಮ ಊರಲ್ಲಿ ಸರಿ ಇಲ್ಲವೇ? ನಂಬರು ಬಿಡಬೇಕಿಲ್ಲ. ಅದೇ ನಂಬರು ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬಹುದು. 2011ರ ಜನವರಿಯಿಂದ ದೇಶದ ಎಲ್ಲ ಕಡೆ ಈ ಅನುಕೂಲ ಇದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಇಂಗ್ಲಿಷಿನ ಪಿ, ಓ, ಆರ್, ಟಿ ನಾಲ್ಕು ಅಕ್ಷರ ಬರೆದು, ಸ್ವಲ್ಪ ಜಾಗ ಬಿಟ್ಟು, ನಿಮ್ಮ ನಂಬರು ಬರೆದು 1900ಕ್ಕೆ ಸಂದೇಶ ಕಳಿಸಿ. ಬಟನ್ ಫೋನಿನಿಂದಲೂ ಆಗುತ್ತದೆ. 8 ಅಕ್ಷರದ ಒಂದು ಗುರುತು ಬರುತ್ತದೆ. ಅದನ್ನು 4 ದಿನದ ಒಳಗೆ ಹೊಸ ಕಂಪನಿಯ ಅಂಗಡಿಯಲ್ಲಿ ಮಾತ್ರ ತೋರಿಸಿ. ಬೇರೆ ಯಾರಿಗೂ ಬೇಡ.

ಈಚೆಗೆ ಇ-ಸಿಮ್ ಅಂತ ಬಂದಿದೆ. ಇದರಲ್ಲಿ ಹಾಕುವ ತೆಗೆಯುವ ತುಂಡೇ ಇಲ್ಲ. ಫೋನು ಮಾಡುವಾಗಲೇ ಚಿಪ್ ಒಳಗೆ ಕೂರಿಸಿರುತ್ತಾರೆ. ಕಂಪನಿಯವರು ನಂಬರಿನ ಗುರುತನ್ನು ಇಂಟರ್‌ನೆಟ್ಟಿನ ಮೂಲಕ ಅದರೊಳಗೆ ಇಳಿಸುತ್ತಾರೆ. ಬೆಲೆಯ ಫೋನುಗಳಲ್ಲೇ ಇದು ಹೆಚ್ಚು.

"ನಮ್ಮದು ಬಟನ್ ಫೋನು, ನಮಗ್ಯಾಕ್ರೀ ಇದರ ಉಸಾಬರಿ?" ಅಂತ ಕೇಳಬಹುದು. ಇಲ್ಲೇ ಮೋಸ ಇರುವುದು. ಇ-ಸಿಮ್ ನಮ್ಮ ಫೋನಿನಲ್ಲಿ ಬೇಕಿಲ್ಲ, ಕಳ್ಳನ ಫೋನಿನಲ್ಲಿ ಇದ್ದರೆ ಸಾಕು. ಅವನು ಕರೆ ಮಾಡುತ್ತಾನೆ. "ಅಮ್ಮಾ, ಕಂಪನಿಯಿಂದ ಮಾತಾಡೋದು. ನಿಮ್ಮ ಸಿಮ್ ಇವತ್ತು ರಾತ್ರಿ ಬಂದ್ ಆಗುತ್ತೆ. ಒಂದು ಸಂದೇಶ ಕಳಿಸ್ತೀನಿ, ಅದನ್ನ ಹಾಗೇ ಕಂಪನಿಗೆ ಕಳಿಸಿ" ಅನ್ನುತ್ತಾನೆ. ಇಲ್ಲವೇ, ಬಂದ ಓಟಿಪಿ ಓದಿ ಹೇಳಿ ಅನ್ನುತ್ತಾನೆ. ನಾವು ಗಾಬರಿಯಾಗಿ ಹಾಗೇ ಮಾಡಿದರೆ, ನಮ್ಮ ನಂಬರು ಅವನ ಫೋನಿನ ಇ-ಸಿಮ್‌ಗೆ ಹೋಗುತ್ತದೆ. ನಮ್ಮ ಕೈಯಲ್ಲಿರುವ ಸಿಮ್ ಸತ್ತ ಹಾಗೆ. ಆಮೇಲೆ ನಮ್ಮ ಕರೆಗಳೂ ನಮ್ಮ ಓಟಿಪಿಗಳೂ ಅವನಿಗೇ.

ಇದಕ್ಕೆ ಅಂತಲೇ ಸರ್ಕಾರ ಕೆಲವು ತಡೆ ಹಾಕಿದೆ. ಸಿಮ್ ಬದಲಾದ ಮೇಲೆ ಮೊದಲ 24 ಗಂಟೆ ಆ ನಂಬರಿಗೆ ಸಂದೇಶ ಬರುವುದಿಲ್ಲ, ಹೋಗುವುದೂ ಇಲ್ಲ. ನೀವೇ ಬದಲಿ ಸಿಮ್ ತೆಗೆಸಿದಾಗಲೂ ಹೀಗೇ ಆಗುತ್ತದೆ, ಗಾಬರಿ ಬೇಡ. 2024ರ ಜುಲೈ 1ರಿಂದ ಇನ್ನೊಂದು ನಿಯಮ ಬಂತು. ಸಿಮ್ ಬದಲಾಯಿಸಿದ 7 ದಿನ ಆ ನಂಬರನ್ನು ಬೇರೆ ಕಂಪನಿಗೆ ಒಯ್ಯಲು ಬಿಡುವುದಿಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ನಿಮ್ಮ ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಹೋಯಿತು. ಪಕ್ಕದ ಮನೆಯವರದ್ದೂ ಅದೇ ಕಂಪನಿ, ಅವರಿಗೆ ಚೆನ್ನಾಗಿ ಬರುತ್ತಿದೆ. ನಿಮ್ಮದನ್ನು ಆರಿಸಿ ಹಚ್ಚಿದರೂ ಬರಲಿಲ್ಲ. ಆಗ ನಾಳೆ ನೋಡೋಣ ಅನ್ನಬೇಡಿ. ಅವರ ಫೋನಿನಿಂದಲೇ 198ಕ್ಕೆ ಕರೆ ಮಾಡಿ. ಅದು ಕಂಪನಿಯ ದೂರಿನ ನಂಬರು, ದುಡ್ಡು ಬೀಳುವುದಿಲ್ಲ. ನನ್ನ ಸಿಮ್ ಬಂದ್ ಮಾಡಿ ಅಂತ ಹೇಳಿ. ಬ್ಯಾಂಕಿಗೂ ತಿಳಿಸಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯಲು ಅವರಿಗೆ ಅನುಕೂಲ. ಇಂಥ ಮೋಸಕ್ಕೆ ಬಳ್ಳಾರಿಯಲ್ಲಿ ಬೇರೆ ಪೊಲೀಸ್ ಠಾಣೆಯೇ ಇದೆ, ಸಿ.ಇ.ಎನ್. ಠಾಣೆ ಅನ್ನುತ್ತಾರೆ.

ಸಿಮ್‌ಗೆ ಬೀಗವೂ ಉಂಟು. ಫೋನಿಗೆ ಹಾಕುವ ಬೀಗ ಬೇರೆ, ಸಿಮ್‌ನ ಬೀಗ ಬೇರೆ. ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಫೋನಿನ ಬೀಗ ಏನು ಮಾಡೀತು? ಸಿಮ್‌ಗೇ ಪಿನ್ ಇದ್ದರೆ ಅಲ್ಲೂ ಕೇಳುತ್ತದೆ. ಆದರೆ ಇದನ್ನು ತಿಳಿದವರ ಮುಂದೆ ಕೂತು ಹಾಕಿಸಿಕೊಳ್ಳಿ. 3 ಸಲ ತಪ್ಪು ಒತ್ತಿದರೆ ಸಿಮ್ ಬೀಗ ಬೀಳುತ್ತದೆ. ಆಮೇಲೆ ಪಿ.ಯು.ಕೆ. ಅನ್ನುವ 8 ಅಂಕಿ ಬೇಕು, ಅದನ್ನು ಕಂಪನಿಯಿಂದ ಕೇಳಬೇಕು. ಅದನ್ನೂ 10 ಸಲ ತಪ್ಪು ಹಾಕಿದರೆ ಸಿಮ್ ಕೆಟ್ಟೇ ಹೋಗುತ್ತದೆ.

ಹಳೇ ನಂಬರು ಬಿಟ್ಟು ಹೊಸದು ಹಾಕಿಕೊಂಡವರೂ ಇದ್ದೀರಿ. 90 ದಿನ ಏನೂ ಬಳಸದ ನಂಬರನ್ನು ಕಂಪನಿ ಬಂದ್ ಮಾಡಬಹುದು. ಕೆಲವು ತಿಂಗಳು ಕಳೆದು ಅದೇ ನಂಬರು ಬೇರೆಯವರಿಗೆ ಹೋಗುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಇನ್ನೂ ಅದೇ ಇದ್ದರೆ ನಿಮ್ಮ ಓಟಿಪಿ ಯಾರಿಗೋ ಹೋದೀತು. ಬ್ಯಾಂಕಿನಲ್ಲಿ, ಆಧಾರ್ ಕೇಂದ್ರದಲ್ಲಿ, ಎರಡೂ ಕಡೆ ಹೊಸ ನಂಬರು ಬರೆಸಿ.

ಕೊನೆಗೆ ಒಂದು ಸಣ್ಣ ಕೆಲಸ, ಈಗಲೇ ಮಾಡಿ. ಫೋನಿನಲ್ಲಿ ನಕ್ಷತ್ರ, ಹ್ಯಾಶ್, 06, ಹ್ಯಾಶ್ ಒತ್ತಿ. 15 ಅಂಕಿ ಕಾಣುತ್ತವೆ. ಅದು ಫೋನಿನ ಗುರುತು. ಎರಡು ಸಿಮ್‌ನ ಫೋನಾದರೆ ಎರಡು ಸಾಲು ಇರುತ್ತವೆ. ಫೋನು ಕಳೆದರೆ ಪೊಲೀಸರು ಮೊದಲು ಕೇಳುವುದು ಇದನ್ನೇ, ಸಂಚಾರ್ ಸಾಥಿಯಲ್ಲಿ ಫೋನು ಬಂದ್ ಮಾಡಿಸಲೂ ಇದೇ ಬೇಕು. ನಿಮ್ಮ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದೇ ಅಂಕಿ ನೋಡಿ ಬರೆದುಕೊಳ್ಳಿ. ಕೆಳಗೆ 198, 1930 ಬರೆಯಿರಿ. ಫೋನಿನಲ್ಲೇ ಬರೆದಿಟ್ಟರೆ ಪ್ರಯೋಜನ ಇಲ್ಲ, ಕಳೆದಾಗ ಅದೂ ಜೊತೆಗೇ ಹೋಗಿರುತ್ತದೆ.